ಬಾನೆಟ್ಟಿನ ಮೇಲೊಂದು ದೊಡ್ಡ ಬಾಯಿ

ಗಾಡಿ ಶೆಡ್ಡಿನೊಳಗೆ ಬರುವ ಮೊದಲೇ ನನಗೆ ನಗು ಬಂತು. ಅದರ ಬಾನೆಟ್ಟಿನ ಮೇಲೆ ಕಪ್ಪು ಫೈಬರಿನ ಸ್ಕೂಪು ಎದ್ದು ನಿಂತಿತ್ತು. ಸ್ಕೂಪು ಎಂದರೆ ಎಂಜಿನ್ನಿನ ಕಡೆ ಗಾಳಿ ಹೋಗಲೆಂದು ಬಾನೆಟ್ಟಿನಲ್ಲಿ ಕೊರೆದು ಕೂರಿಸುವ ಬಾಯಿ. ಈ ಬಾಯಿ ಎಷ್ಟು ದೊಡ್ಡದಿತ್ತೆಂದರೆ ಒಂದು ಕೋಳಿ ಆರಾಮಾಗಿ ಕಾವಿಗೆ ಕೂರಬಹುದಿತ್ತು. ಎರಡು ಪಕ್ಕಕ್ಕೂ ಬೆಂಕಿಯ ಜ್ವಾಲೆಯ ಸ್ಟಿಕ್ಕರು ಬೇರೆ. ಮಳವಳ್ಳಿ ಕಡೆಯ ಹಳ್ಳಿಗಳಿಂದ ಹನ್ನೆರಡು ಹೆಂಗಸರನ್ನು ಮದ್ದೂರಿನ ಗಾರ್ಮೆಂಟ್ಸಿಗೆ ಕರೆತಂದು ಬಿಡುವ ಗಾಡಿಗೆ ಬೆಂಕಿಯ ಜ್ವಾಲೆ!

ನನ್ನ ಶೆಡ್ಡು ಇರುವುದು ಮದ್ದೂರಿನ ಹಳೇ ಹೆದ್ದಾರಿಯ ಪಕ್ಕದಲ್ಲಿ. ಹೊಸ ರಸ್ತೆ ಊರನ್ನು ಬದಿಗೆ ಬಿಟ್ಟು ಹೋದ ಮೇಲೆ ದೂರದ ಗಾಡಿಗಳು ಬರುವುದು ನಿಂತು, ಸುತ್ತಲಿನ ಹಳ್ಳಿಗಳ ಟರ್ಬೊ ಡೀಸೆಲ್ ಗಾಡಿಗಳೇ ನನ್ನ ಪಾಲಿಗೆ ಉಳಿದಿವೆ. ಈ ಗಾಡಿಯೂ ನನಗೆ ಹೊಸದಲ್ಲ. ಹಿಂದಿನ ವರ್ಷ ಇದರ ಎಂಜಿನ್ನಿಗೆ ಡೀಸೆಲ್ ಚಿಮ್ಮುವ ಇಂಜೆಕ್ಟರುಗಳನ್ನು ಬಿಚ್ಚಿ ಜೋಡಿಸಿದವನು ನಾನೇ. ಗಾಡಿಯ ಒಡತಿಯೇ ಅದರ ಡ್ರೈವರು. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ.

"ಇದೇನಮ್ಮ ಇದು, ಗಾಡಿ ತಲೆ ಮೇಲೆ ಕೋಳಿಗೂಡು ಕಟ್ಸಿದ್ದೀಯ?" ಎಂದೆ.

"ನನ್ ತಮ್ಮ ಮಂಡ್ಯದಲ್ಲಿ ಆಕ್ಸ್ದ ಕಣಣ್ಣ. ಗಾಳಿ ಜಾಸ್ತಿ ಓದ್ರೆ ಪಿಕಪ್ಪು ಜಾಸ್ತಿ ಆಯ್ತದೆ ಅಂದ್ರಂತೆ. ಈಗ ನೋಡುದ್ರೆ ಏರು ಅತ್ತುವಾಗ ಇನ್ನೂ ಉಸ್ರು ಕಟ್ತದೆ."

"ಸ್ಟಿಕ್ಕರ್ ಅಂಟಿಸೋನ ಅತ್ರ ಎಂಜಿನ್ ಕೆಲ್ಸಕ್ಕೆ ಓದ್ರೆ ಇನ್ನೇನಾಯ್ತದೆ?"

ಅವಳು ನಗಲಿಲ್ಲ. ಗಾರ್ಮೆಂಟ್ಸಿನ ಗೇಟು ಒಂಬತ್ತಕ್ಕೆ ಮುಚ್ಚುತ್ತದೆ. ತಡವಾದರೆ ಹನ್ನೆರಡು ಜನಕ್ಕೂ ಅರ್ಧ ದಿನ ಗೈರುಹಾಜರಿ. ಆ ತಿಂಗಳಲ್ಲಿ ಆಗಲೇ ಎರಡು ಸಲ ತಡವಾಗಿತ್ತು. ಇನ್ನೊಂದು ಸಲ ಆದರೆ ಟ್ರಿಪ್ಪನ್ನು ಬೇರೆ ಗಾಡಿಗೆ ಕೊಡುತ್ತೇವೆ ಎಂದು ಅಲ್ಲಿನ ಸೂಪರ್‌ವೈಸರು ಹೇಳಿಬಿಟ್ಟಿದ್ದ. ಆ ಗಾಡಿ, ಆ ಟ್ರಿಪ್ಪು ಬಿಟ್ಟರೆ ಅವಳಿಗೆ ಬೇರೆ ಬದುಕಿಲ್ಲ. ಇಷ್ಟನ್ನೂ ನಾಲ್ಕು ಮಾತಿನಲ್ಲಿ ಹೇಳಿ, ಬೀಗದ ಕೈ ಕೊಟ್ಟು, ಸಂಜೆ ಹೆಂಗಸರನ್ನು ವಾಪಸ್ ಕರೆದೊಯ್ಯುವ ತನಕ ಅಲ್ಲೇ ಬೆಂಚಿನ ಮೇಲೆ ಕೂತಳು.

ಟರ್ಬೊ ಎಂಬುದು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ತೆಳುವಾಗಿ ಎಂಜಿನ್ನಿಗೆ ಬಲ ಕೊಡುವುದಿಲ್ಲ. ಅದಕ್ಕೇ ನಡುವೆ ಇಂಟರ್‌ಕೂಲರ್ ಎಂಬ ಒಂದು ಜಾಲರಿ ಇಡುತ್ತಾರೆ. ಒಳಗೆ ಬಿಸಿ ಗಾಳಿ ಹರಿಯುತ್ತದೆ, ಹೊರಗಿನ ತಣ್ಣನೆಯ ಗಾಳಿ ಅದರ ತೆಳು ತಗಡಿನ ರೆಕ್ಕೆಗಳ ಸಂದಿಯಲ್ಲಿ ಹಾದು ಅದನ್ನು ತಣಿಸುತ್ತದೆ. ಈ ಗಾಡಿಯಲ್ಲಿ ಇಂಟರ್‌ಕೂಲರ್ ಎಂಜಿನ್ನಿನ ನೆತ್ತಿಯ ಮೇಲೆ ಅಂಗಾತ ಮಲಗಿದೆ. ಬಾನೆಟ್ಟಿನ ಬಾಯಿಂದ ಬಂದ ಗಾಳಿ ಅದರೊಳಗೇ ಇಳಿದು, ಎಂಜಿನ್ನಿನ ಕೆಳಗಿನಿಂದ ಆಚೆ ಹೋಗಬೇಕು. ಇದರಲ್ಲಿ ಗುಟ್ಟೇನೂ ಇಲ್ಲ. ಆದರೂ ಊರಿನ ಅರ್ಧ ಜನಕ್ಕೆ ಬಾಯಿ ಕಾಣುತ್ತದೆಯೇ ಹೊರತು ದಾರಿ ಕಾಣುವುದಿಲ್ಲ.

ಮೊದಲು ಹೋಸುಗಳಿಗೆ ಸೋಪಿನ ನೀರು ಬಿಟ್ಟು ನೋಡಿದೆ, ಎಲ್ಲೂ ಗುಳ್ಳೆ ಏಳಲಿಲ್ಲ. ಟರ್ಬೊ ಕೈಯಲ್ಲಿ ತಿರುಗಿಸಿದೆ, ಅಲುಗಾಟವಿರಲಿಲ್ಲ. ಸ್ಕ್ಯಾನರ್ ಹಾಕಿಕೊಂಡು, ಹನ್ನೆರಡು ಜನರ ಭಾರಕ್ಕೆ ಹಿಂದೆ ಮರಳಿನ ಮೂಟೆಗಳನ್ನು ತುಂಬಿ ಅವಳನ್ನೇ ಓಡಿಸಲು ಹೇಳಿ ಪಕ್ಕದಲ್ಲಿ ಕೂತೆ. ಸಮದಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯ ಬಿಸಿ ಐವತ್ತು ಡಿಗ್ರಿಯ ಆಸುಪಾಸು. ಏರು ಸಿಕ್ಕಿದೊಡನೆ ಅರವತ್ತು, ಎಪ್ಪತ್ತು, ಎಂಬತ್ತು ದಾಟಿತು. ಗಾಡಿಯ ಕಂಪ್ಯೂಟರು ಎಂಜಿನ್ನು ಸುಡದಿರಲೆಂದು ತಾನೇ ಡೀಸೆಲ್ ಕಡಿತ ಮಾಡಿತು. ಅಲ್ಲಿಗೆ ಉಸಿರು ಕಟ್ಟಿತು.

ಮಾರನೆಯ ದಿನ ಟೈಲರ್ ಅಂಗಡಿಯಿಂದ ಕೆಂಪು ಉಲ್ಲನ್ ದಾರ ತಂದು ಬೆರಳುದ್ದದ ತುಂಡುಗಳಾಗಿ ಕತ್ತರಿಸಿದೆ. ಬಾನೆಟ್ಟಿನ ಮೇಲೆ, ಸ್ಕೂಪಿನ ತುಟಿಗೆ, ಒಳಗೆ ಇಂಟರ್‌ಕೂಲರಿನ ನೆತ್ತಿಗೆ, ಅದರ ಅಂಚಿಗೆ ಅಂಟಿಸಿದೆ. ಗಾಳಿ ಎತ್ತ ಹೋಗುತ್ತದೋ ದಾರ ಅತ್ತ ಬಾಗುತ್ತದೆ. ಫೋನಿನ ಲೈಟು ಉರಿಸಿ, ವಿಡಿಯೊ ಹಾಕಿ, ಅದನ್ನು ಬಾನೆಟ್ಟಿನ ಒಳಗೆ ಟೇಪಿನಲ್ಲಿ ಬಿಗಿದು ನಿಡಘಟ್ಟದವರೆಗೆ ಹೋಗಿ ಬಂದೆವು. ದಾರಿಯಲ್ಲಿ ಟೀ ಅಂಗಡಿಯವರು, "ಯಾವ್ ದೇವ್ರಿಗ್ಲಾ ಅರಕೆ?" ಎಂದು ಕೂಗಿದರು. ಈ ಊರಿನಲ್ಲಿ ಅಳತೆ ಮಾಡುವವನೇ ಹುಚ್ಚ, ಅಂದಾಜಿನವನೇ ಮೇಸ್ತ್ರಿ.

ವಿಡಿಯೊದಲ್ಲಿ ಎಲ್ಲ ನಿಚ್ಚಳವಾಗಿತ್ತು. ತುಟಿಯ ಮೇಲಿನ ದಾರಗಳು ನಡುಗಿ ಹಿಂದಕ್ಕೆ ಹೊರಳುತ್ತಿದ್ದವು. ಒಳಗೆ ಹಿಡಿಸದ ಗಾಳಿ ಮೇಲಿಂದಲೇ ಚೆಲ್ಲಿ ಹೋಗುತ್ತಿತ್ತು. ಒಳಗೆ ಹೋದ ಗಾಳಿಯಾದರೂ ಇಂಟರ್‌ಕೂಲರಿಗೆ ಇಳಿಯುತ್ತಿತ್ತೇ? ನೆತ್ತಿಯ ದಾರಗಳು ಸತ್ತಂತೆ ಬಿದ್ದಿದ್ದವು. ಅಂಚಿನ ದಾರಗಳು ಮಾತ್ರ ಪಕ್ಕಕ್ಕೆ ನೆಟ್ಟಗೆ ನಿಂತಿದ್ದವು. ಬಾನೆಟ್ಟಿಗೂ ಇಂಟರ್‌ಕೂಲರಿಗೂ ನಡುವೆ ಎರಡು ಬೆರಳಿನ ಸಂದಿಯಿತ್ತು. ಗಾಳಿ ಮಹಾ ಸೋಮಾರಿ. ರೆಕ್ಕೆಗಳ ನಡುವೆ ನುಸುಳುವ ಕಷ್ಟ ಬಿಟ್ಟು ಸಂದಿಯಲ್ಲಿ ಪಕ್ಕಕ್ಕೆ ಜಾರಿಕೊಳ್ಳುತ್ತಿತ್ತು. ಕಂಪನಿಯವರು ಈ ಸಂದಿಗೆ ಸುತ್ತಲೂ ದಪ್ಪ ಸ್ಪಂಜಿನ ಪಟ್ಟಿ ಹಾಕಿರುತ್ತಾರೆ. ಇಲ್ಲಿ ಅದು ಇರಲೇ ಇಲ್ಲ.

"ನೋಡಮ್ಮ, ಆ ಮಂಡ್ಯದ ಮುಟ್ಠಾಳ ಸ್ಪಂಜ್ನೇ ಕಿತ್ತಾಕವ್ನೆ," ಎಂದೆ. ಅವಳು ವಿಡಿಯೊವನ್ನು ಎರಡು ಸಲ ನೋಡಿ, "ಓ" ಎಂದಳು, ಅಷ್ಟೆ.

ನನಗೆ ಸುಮ್ಮನಿರಲಾಗಲಿಲ್ಲ. ಬೈಕು ಹತ್ತಿ ಮಂಡ್ಯಕ್ಕೆ ಹೋದೆ. ಅಂಗಡಿಯ ತುಂಬ ಬಣ್ಣದ ಲೈಟು, ಬೂದಿ ಬಣ್ಣದ ಕೂಲಿಂಗ್ ಪೇಪರು, ಗೋಡೆಗೆ ಸಾಲಾಗಿ ನೇತುಹಾಕಿದ ಫೈಬರ್ ಬಾಯಿಗಳು. ಅಂಗಡಿಯವನಿಗೆ ಮೂವತ್ತು ವರ್ಷವಿರಬಹುದು. ನೆರಳಿನಲ್ಲೂ ಕಪ್ಪು ಕನ್ನಡಕ ತೆಗೆಯಲಿಲ್ಲ. ಅವಳ ಗಾಡಿಯ ನಂಬರು ಹೇಳಿದೆ.

"ಅದ್ರ ಬಾಯಿನ ಯಾವ ಲೆಕ್ಕದಲ್ಲಿ ಮಾಡ್ದಪ್ಪ?" ಎಂದೆ.

"ಲೆಕ್ಕ ಏನ್ ಬಂತು ಸಾ? ಎದುರ್ಗಡೆ ನಿಂತ್ಕಂಡು ನೋಡುದ್ರೆ ಗತ್ತು ಕಾಣ್ಬೇಕು."

"ಒಳಗೆ ಇಂಟರ್‌ಕೂಲರ್ ಅಂತ ಒಂದದೆ, ಗೊತ್ತಾ?"

"ಗೊತ್ತು ಸಾ. ಸರ್ಯಾಗಿ ಅದ್ರ ಮೇಲೇ ಬರಂಗೆ ಕೂರ್ಸಿದ್ದೀನಿ."

"ಸುತ್ತ ಇದ್ದ ಸ್ಪಂಜು? ಯಾಕ್ ಬಿಚ್ಚಿ ಬಿಸಾಕ್ದೆ? ಓದಿಲ್ಲ, ಬರ್ದಿಲ್ಲ, ಜನರ ಗಾಡಿ ಮೇಲೆ ಕೈ ಹಾಕ್ತೀರಲ್ಲ, ನಾಚ್ಕೆ ಆಗಲ್ವಾ?"

ಅವನು ಸಿಟ್ಟಾಗಲಿಲ್ಲ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಗಿರಾಕಿಗಳಿಗೆ ತೋರಿಸಲು ಅವನು ಪ್ರತಿ ಗಾಡಿಯ ಫೋಟೊ ತೆಗೆದಿಟ್ಟುಕೊಳ್ಳುತ್ತಾನಂತೆ. ಫೋನು ತೆಗೆದು ಹುಡುಕಿ ನನ್ನ ಮುಂದೆ ಹಿಡಿದ. "ನೋಡಿ ಸಾ. ಇದು ನಾವು ಕೈ ಇಕ್ಕಕ್ಕೆ ಮುಂಚೆ. ಎಲ್ಲದೆ ಸ್ಪಂಜು? ಯಾವನೋ ಮೊದ್ಲೇ ಕಿತ್ತವ್ನೆ."

ಫೋಟೊದಲ್ಲಿ ಸ್ಪಂಜಿರಲಿಲ್ಲ. ಆದರೆ ಇಂಟರ್‌ಕೂಲರಿನ ಹೋಸಿನ ಕ್ಲಿಪ್ಪುಗಳಿಗೆ ಹಳದಿ ಟೇಪು ಸುತ್ತಿತ್ತು. ನಾನು ಬಿಗಿದ ಕ್ಲಿಪ್ಪಿಗೆಲ್ಲ ಹಳದಿ ಟೇಪು ಸುತ್ತುವುದು ನನ್ನ ಅಭ್ಯಾಸ. ಬೇರೆ ಮೆಕ್ಯಾನಿಕ್ಕುಗಳು ನೋಡಿದರೆ ಇದು ಯಾರ ಕೈಯ ಕೆಲಸ ಎಂದು ತಿಳಿಯಲಿ ಎಂಬ ಜಂಬಕ್ಕೆ ಸುತ್ತುವುದು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಒಂದು ಪದ್ಧತಿಯಿದೆ. ಗಾಡಿ ಬಿಚ್ಚಿದಾಗ ಕೈಗೆ ಅಡ್ಡ ಬಂದ ಪ್ಲಾಸ್ಟಿಕ್ಕು, ರಬ್ಬರು, ಸ್ಪಂಜುಗಳನ್ನು ವಾಪಸ್ ಹಾಕುವುದಿಲ್ಲ. "ಕಂಪನಿಯೋರಿಗೆ ಬೇರೆ ಕೆಲ್ಸ ಇಲ್ಲ" ಎಂದು ಮೂಲೆಗೆ ಎಸೆಯುತ್ತೇವೆ. ಅವಿಲ್ಲದೆಯೂ ಗಾಡಿ ಸ್ಟಾರ್ಟ್ ಆದರೆ ಗೆದ್ದೆವೆಂದು ನಗುತ್ತೇವೆ. ಇಂಜೆಕ್ಟರ್ ಕೆಲಸದ ದಿನ ಆ ಸ್ಪಂಜಿನಲ್ಲಿ ಇಲಿ ಗೂಡು ಕಟ್ಟಿತ್ತು. ಕಿತ್ತು ಎಸೆದೆ. ಅಂದಿನಿಂದಲೇ ಗಾಡಿ ಸೊರಗಿದೆ. ಸೊರಗಿದ್ದಕ್ಕೇ ಅವಳ ತಮ್ಮ ಈ ದೊಡ್ಡ ಬಾಯಿ ಹಾಕಿಸಿದ್ದಾನೆ. ಅಂಗಡಿಯವನು ದಡ್ಡ, ನಿಜ. ಆದರೆ ಅವನಿಗೆ ತನಗೆ ಎಂಜಿನ್ನು ತಿಳಿಯುತ್ತದೆಂಬ ಭ್ರಮೆಯಾದರೂ ಇರಲಿಲ್ಲ. ಆ ಭ್ರಮೆ ಇದ್ದ ದಡ್ಡ ಅವನ ಅಂಗಡಿಯ ಮುಂದೆ ನಿಂತು ಅವನಿಗೆ ಬುದ್ಧಿ ಹೇಳುತ್ತಿದ್ದ.

"ಏನಾಯ್ತು ಸಾ?" ಎಂದ ಅವನು. "ಏನಿಲ್ಲ" ಎಂದು ಬಾಲ ಮುದುರಿಕೊಂಡು ಬೈಕು ಹತ್ತಿದೆ.

ಶೆಡ್ಡಿಗೆ ಬಂದಾಗ ಅವಳು ಕಾಯುತ್ತಿದ್ದಳು. "ಏನಂದ?" ಎಂದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. "ಅವನಿಗೇನ್ ಗೊತ್ತದೆ ಬುಡಮ್ಮ. ನಾನು ಸರಿ ಮಾಡ್ಕೊಡ್ತೀನಿ," ಎಂದೆ. "ಆಯ್ತು ಕಣಣ್ಣ," ಎಂದಳು. ಆ ಕ್ಷಣದ ನನ್ನ ಮುಖವನ್ನು ನಾನು ಕನ್ನಡಿಯಲ್ಲಿ ನೋಡಿದ್ದರೆ ಉಗಿಯುತ್ತಿದ್ದೆ.

ಕೆಲಸವನ್ನಂತೂ ಶ್ರದ್ಧೆಯಿಂದ ಮಾಡಿದೆ. ಬಿಸಿಗೆ ಕರಗದ ದಪ್ಪ ಸ್ಪಂಜು ತಂದು ಇಂಟರ್‌ಕೂಲರಿನ ಸುತ್ತ ಪಟ್ಟಿ ಅಂಟಿಸಿದೆ. ಬಾನೆಟ್ಟು ಮುಚ್ಚಿದಾಗ ಅದು ಒತ್ತಿಕೊಳ್ಳುತ್ತದೋ ಇಲ್ಲವೋ ನೋಡಲು ಮೇಲೆ ಸೀಮೆಸುಣ್ಣ ಬಳಿದು, ಮುಚ್ಚಿ ತೆಗೆದು, ಗುರುತು ಬೀಳದ ಕಡೆ ಇನ್ನೊಂದು ಪದರ ಕೊಟ್ಟೆ. ಸ್ಕೂಪಿನಿಂದ ಇಂಟರ್‌ಕೂಲರಿಗೆ ತಗಡಿನ ಇಳಿಜಾರು ಕಟ್ಟಿದೆ. ಈಗ ನುಂಗಿದ ಗಾಳಿಗೆ ಬೇರೆ ದಾರಿಯೇ ಇರಲಿಲ್ಲ. ಏರಿನಲ್ಲಿ ಬಿಸಿ ಐವತ್ತೆಂಟು ದಾಟಲಿಲ್ಲ. ಗುರುವಾರ, ಶುಕ್ರವಾರ, ಶನಿವಾರ ಮೂರೂ ಬೆಳಿಗ್ಗೆ ಅವಳು ಹತ್ತು ನಿಮಿಷ ಮುಂಚೆಯೇ ಗೇಟು ಮುಟ್ಟಿದಳು. ನಾನು ಒಳಗೊಳಗೇ ಬೀಗಿದೆ. ತಪ್ಪು ಮಾಡಿದವನೇ ಸರಿ ಮಾಡಿದ ಮೇಲೆ ಹೇಳುವುದೇನಿದೆ ಎಂದುಕೊಂಡೆ.

ಶನಿವಾರ ಸಂಜೆ ಫೋನು ಬಂತು. "ನಿಂತೋಯ್ತು ಕಣಣ್ಣ."

ಕೆ.ಎಂ.ದೊಡ್ಡಿ ದಾಟಿ ಒಳರಸ್ತೆಗೆ ತಿರುಗಿದ ಕಡೆ ಗಾಡಿ ನಿಂತಿತ್ತು. ಪುಣ್ಯಕ್ಕೆ ಹೆಂಗಸರ ಊರುಗಳು ಹತ್ತಿರವಿದ್ದು ನಡೆದು ಹೋಗಿದ್ದರು. ಸಂಕ್ರಾಂತಿಗೆ ಮೊದಲಿನ ದಿನಗಳು. ರಸ್ತೆಯ ಉದ್ದಕ್ಕೂ ಹುರುಳಿ ಹರಡಿದ್ದರು. ಕಣ ಮಾಡುವವರು ಈಗ ಯಾರು? ಟಾರು ರಸ್ತೆಗೆ ಹರಡಿದರೆ ಹೋಗಿ ಬರುವ ಗಾಡಿಗಳ ಚಕ್ರವೇ ಬಡಿದು ಕೊಡುತ್ತದೆ. ಬಾನೆಟ್ಟು ಎತ್ತಿ ನೋಡಿದೆ. ಇಂಟರ್‌ಕೂಲರಿನ ಮೇಲೆ ಹುರುಳಿಯ ಹೊಟ್ಟು, ಸಿಪ್ಪೆ, ಒಣಗಿದ ಬಳ್ಳಿ ಚಾಪೆಯ ಹಾಗೆ ಒತ್ತಾಗಿ ಕೂತಿತ್ತು. ಮೊದಲು ಸಂದಿಯಿದ್ದಾಗ ಹೊಟ್ಟೂ ಗಾಳಿಯ ಜೊತೆ ಪಕ್ಕಕ್ಕೆ ಜಾರಿ ಹೋಗುತ್ತಿತ್ತು. ನಾನು ಸಂದಿ ಮುಚ್ಚಿದ್ದೆ. ಆ ದೊಡ್ಡ ಬಾಯಿ ನುಂಗಿದ್ದೆಲ್ಲ ರೆಕ್ಕೆಗಳಿಗೇ ಹೋಗಿ ತುಂಬಿಕೊಂಡಿತ್ತು.

ರಸ್ತೆಯ ಬದಿಯಲ್ಲಿ ಪೊರಕೆ ಹಿಡಿದು ನಿಂತಿದ್ದ ರೈತನ ಮೇಲೆ ಹರಿಹಾಯ್ದೆ. "ರೋಡು ನಿಮ್ಮಪ್ಪಂದಾ? ಇಲ್ಲಿ ತಂದು ಉಳ್ಳಿ ಹಾಕಿದ್ದೀರಲ್ಲ!"

ಅವನು ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸ್ಕೂಪನ್ನೇ ದಿಟ್ಟಿಸಿದ. "ಬಸ್ಸು ಓಯ್ತದೆ, ಲಾರಿ ಓಯ್ತದೆ, ಕಬ್ಬಿನ್ ಗಾಡಿ ಓಯ್ತದೆ. ಯಾವ್ದಾದ್ರೂ ಉಳ್ಳಿ ತಿಂದದಾ? ನಿಮ್ ಗಾಡಿ ಬಾಯ್ ಬುಟ್ಕಂಡ್ ಬಂದ್ರೆ ನಾವೇನ್ಲಾ ಮಾಡಾನ?"

ನಾನು ಬಗ್ಗಿ ಕೈಯಿಂದಲೇ ಹೊಟ್ಟು ಬಾಚಿ ತೆಗೆಯತೊಡಗಿದೆ. ಸೋಮವಾರದ ಟ್ರಿಪ್ಪಿಗೆ ಮುಂಚೆ ಉಳಿದಿದ್ದು ಭಾನುವಾರ ಒಂದೇ.

ಬೆಳಿಗ್ಗೆ ಎದ್ದವನೇ ಸ್ಕೂಪಿನ ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆದೆ. ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಅವಳೇ ಓಡಿಸಿದಳು, ಅದೇ ಹುರುಳಿಯ ಮೇಲೆ ಮೂರು ಸಲ ಹೋಗಿ ಬಂದೆವು. ಮೂರನೆಯ ಸಲಕ್ಕೆ ಜಾಲರಿಯೇ ಮುಚ್ಚಿಹೋಗಿ ಬಿಸಿ ಎಂಬತ್ತರ ಹತ್ತಿರ ಬಂತು. ರೈತ ಪೊರಕೆಯ ಮೇಲೆ ಗಲ್ಲ ಊರಿ ನಗುತ್ತಿದ್ದ. ಬಾಯಿಯನ್ನು ಅರ್ಧ ಮುಚ್ಚಿ ನೋಡಿದೆ, ಹೊಟ್ಟು ಅರ್ಧವಾಯಿತು, ಗಾಳಿಯೂ ಅರ್ಧವಾಯಿತು. ಸ್ಕೂಪನ್ನು ಕಿತ್ತೆಸೆದು ಹಳೇ ಬಾನೆಟ್ಟು ಹಾಕೋಣವೆಂದರೆ ಅದನ್ನು ಅವಳ ತಮ್ಮ ಗುಜರಿಗೆ ಹಾಕಿದ್ದ. ಬೇರೆಯದು ಬರಲು ವಾರ ಬೇಕಿತ್ತು.

ಸೋತು ಮೈಲಿಗಲ್ಲಿನ ಮೇಲೆ ಕೂತಿದ್ದಾಗ ಅವಳು ಕೂಗಿದಳು. "ಅಣ್ಣ, ಗಾಡಿ ಓಡ್ವಾಗ ಈ ದಾರ ಯಾಕಣ್ಣ ಮುಂದ್ಕೆ ತಿರುಗ್ಕತದೆ?"

ಮುಂದಿನ ಗಾಜಿನ ಬುಡದಲ್ಲಿ, ಸ್ಕೂಪಿನ ಬೆನ್ನ ಹಿಂದೆ, ಮೊನ್ನೆ ಕೀಳಲು ಮರೆತ ಎರಡು ದಾರಗಳಿದ್ದವು. ಗಾಡಿ ಓಡುವಾಗ ಬಾನೆಟ್ಟಿನ ದಾರಗಳೆಲ್ಲ ಹಿಂದಕ್ಕೆ ಬಾಗುತ್ತವೆ. ಇವು ಮಾತ್ರ ಮುಂದಕ್ಕೆ ಬಾಗಿದ್ದನ್ನು ಅವಳು ಸ್ಟೇರಿಂಗಿನ ಹಿಂದಿನಿಂದ ನೋಡಿದ್ದಳು. ಇನ್ನೊಂದು ಸಲ ಓಡಿಸಲು ಹೇಳಿ ಪಕ್ಕದಲ್ಲಿ ಕೂತು ನೋಡಿದೆ. ಬಾನೆಟ್ಟಿನ ಮೇಲೆ ಹರಿದ ಗಾಳಿ ನೆಟ್ಟಗೆ ನಿಂತ ಗಾಜಿಗೆ ಬಡಿದು, ಅದರ ಬುಡದಲ್ಲಿ ಒತ್ತಿಕೊಂಡು, ವಾಪಸ್ ತಿರುಗುತ್ತಿತ್ತು. ಹೊಟ್ಟು ಹಾಗೆ ತಿರುಗಲಾರದು. ಬಂದ ರಭಸಕ್ಕೆ ಗಾಜಿನ ಮೇಲೆ ಏರಿ ಚಾವಣಿಯ ಕಡೆ ಹಾರಿ ಹೋಗುತ್ತಿತ್ತು. ಕಾಳು ತೂರುವಾಗ ಗಾಳಿ ಹೊಟ್ಟನ್ನು ಬೇರೆ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ನಾನು ಹುಟ್ಟಿದ ಊರು ಹೊಳಲಿನಲ್ಲಿ ನಮ್ಮದೇ ಕಣವಿತ್ತು. ಆದರೂ ಹೊಳೆದದ್ದು ಆಗಲೇ.

ಬಾಯಿಯನ್ನೇ ಹಿಂದಕ್ಕೆ ತಿರುಗಿಸಬೇಕು.

ಶೆಡ್ಡಿಗೆ ಬಂದು ಸ್ಕೂಪಿನ ಬೋಲ್ಟು ಬಿಚ್ಚಿ ಗಾಜಿನ ಕಡೆ ಮುಖ ಮಾಡಿ ಕೂರಿಸಿದೆ. ಒಳಗಿನ ತಗಡನ್ನು ಹೊಸದಾಗಿ ಬಗ್ಗಿಸಿದೆ. ಮುಂದೆ ಮುಖ ಮಾಡಿದ ಬಾಯಿಯಷ್ಟು ಗಾಳಿ ಇದಕ್ಕೆ ಸಿಗುವುದಿಲ್ಲ, ಅದು ನನಗೆ ಗೊತ್ತಿತ್ತು. ಹಾಗಾಗಿ ಗಾಳಿ ಆಚೆ ಹೋಗುವ ದಾರಿ ಸಲೀಸಾಗಬೇಕಿತ್ತು. ಎಂಜಿನ್ನಿನ ಕೆಳಗೆ ಯಾರೋ ರಬ್ಬರ್ ಹಾಳೆ ಕಟ್ಟಿದ್ದರು. ಅದು ಇಳಿದ ಗಾಳಿಯನ್ನು ತಡೆಯುತ್ತಿತ್ತು. ಚಾಕು ಹಾಕಲು ಹೋದ ಕೈಯನ್ನು ಹಿಂದಕ್ಕೆಳೆದು, "ಇದ್ಯಾಕಮ್ಮ ಕಟ್ಟಿರೋದು?" ಎಂದು ಕೇಳಿದೆ. ಜೀವಮಾನದಲ್ಲಿ ಮೊದಲ ಸಲ ಕೇಳಿದೆನೋ ಏನೋ.

"ನಾನೇ ಕಣಣ್ಣ. ಗದ್ದೆ ರೋಡ್ನಲ್ಲಿ ಕೆಸ್ರು ಎಗುರ್ತದೆ ಬೆಲ್ಟಿಗೆ."

ಬೆಲ್ಟಿನ ಕೆಳಗಿನ ಭಾಗ ಉಳಿಸಿ ಹಿಂದಿನ ಅಂಚು ಮಾತ್ರ ಕತ್ತರಿಸಿದೆ. ಹುರುಳಿಯ ಮೇಲೆ ಐದು ಸಲ ಓಡಿಸಿದೆವು. ಏರಿನಲ್ಲಿ ಬಿಸಿ ಅರವತ್ತನಾಲ್ಕು. ಬಿಚ್ಚಿ ನೋಡಿದರೆ ಇಂಟರ್‌ಕೂಲರಿನ ಮೇಲೆ ನಾಲ್ಕಾರು ಎಳೆ ಸಿಪ್ಪೆ ಇತ್ತು, ಅಷ್ಟೆ. ರೈತ ಹತ್ತಿರ ಬಂದು ನೋಡಿ, "ಈಗ ಬಾಯ್ ಮುಚ್ಕಂಡದೆ ಬುಡು," ಎಂದ.

ಸೋಮವಾರ ಬೆಳಿಗ್ಗೆ ನಾನೇ ಅವಳ ಪಕ್ಕದ ಸೀಟಿನಲ್ಲಿ ಸ್ಕ್ಯಾನರ್ ಹಿಡಿದು ಕೂತೆ. ಹೆಂಗಸರು ಹತ್ತುತ್ತಾ ಹತ್ತುತ್ತಾ ನಕ್ಕರು. "ಏನಣ್ಣೋ, ಗಾಡಿ ಕತ್ತು ಉಲ್ಟಾ ತಿರುಗ್ಸಿದ್ದೀಯ?" ಎಂದಳು ಒಬ್ಬಳು. "ಇವತ್ತು ತಡ ಆದ್ರೆ ನಿನ್ ಕತ್ತು ತಿರುಗುಸ್ತೀವಿ ಕಣಣ್ಣ," ಎಂದಳು ಇನ್ನೊಬ್ಬಳು. ಡ್ರೈವರು ಗಾಡಿ ಹೊರಡಿಸಿದಳು. ಹುರುಳಿಯ ರಸ್ತೆ ದಾಟಿತು. ಏರು ಬಂತು. ಐವತ್ತೈದು, ಅರವತ್ತು, ಅರವತ್ತಮೂರು. ಹಿಂದಿನಿಂದ ಹೆಂಗಸರು ಸ್ಕ್ಯಾನರಿನ ಕಡೆ ಕತ್ತು ಚಾಚಿದರು. ಅರವತ್ತೈದರಲ್ಲಿ ಅಂಕಿ ನಿಂತಿತು. ಗಾಡಿ ಗೇರು ಇಳಿಸದೆ ಏರು ಹತ್ತಿತು.

ಗೇಟಿಗೆ ಬಂದಾಗ ಒಂಬತ್ತಕ್ಕೆ ಎಂಟು ನಿಮಿಷವಿತ್ತು. ಹೆಂಗಸರು ಟಿಫನ್ ಡಬ್ಬಿ ಎತ್ತಿಕೊಂಡು ಒಳಗೆ ನಡೆದರು. ಅವಳು ಎಂಜಿನ್ನು ಆರಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನು ಮುಚ್ಚಿಟ್ಟುಕೊಂಡರೆ ನಾನು ಮನುಷ್ಯನೇ ಅಲ್ಲ ಎನ್ನಿಸಿತು.

"ಒಂದ್ ಮಾತು ಕಣಮ್ಮ. ಆ ಸ್ಪಂಜು ಮಂಡ್ಯದವನು ಕಿತ್ತಿದ್ದಲ್ಲ. ಓದ್ ವರ್ಸ ಇಂಜೆಕ್ಟರ್ ಮಾಡುವಾಗ ನಾನೇ ಕಿತ್ತು ಎಸೆದಿದ್ದೆ. ಇಷ್ಟಕ್ಕೆಲ್ಲ ನಾನೇ ಕಾರಣ."

"ಗೊತ್ತು ಕಣಣ್ಣ."

"ಗೊತ್ತಾ?"

"ನಾನಲ್ಲೇ ನಿಂತಿರ್ಲಿಲ್ವಾ? ಅದ್ಯಾಕಣ್ಣ ಕಿತ್ತೀಯ, ಬೇಕಾಯ್ತದೇನೋ ಅಂತ ನಾನಂದೆ. ಎಂಗುಸ್ರಿಗೆ ಇವೆಲ್ಲ ತಿಳಿಯಾಕಿಲ್ಲ, ಸುಮ್ಕೆ ಕೂತ್ಕ ಅಂತ ನೀನಂದೆ."

"ಮತ್ತೆ ಮೊದಲ್ನೇ ದಿನಾನೇ ಯಾಕೆ ಏಳ್ಲಿಲ್ಲ?"

"ಏಳಿದ್ರೆ ನೀನು ಒಪ್ತಿದ್ದಾ? ಟರ್ಬೊ ಕೆಟ್ಟೋಗ್ಯದೆ, ಗಾಡಿ ತಕ್ಕಂಡೋಗಮ್ಮ ಅಂತಿದ್ದೆ. ನಿಂಗೆ ಬಯ್ಯಕೆ ಒಬ್ಬ ಬೇಕಿತ್ತು, ನಂಗೆ ಗಾಡಿ ಬೇಕಿತ್ತು." ಅವಳು ಬೀಗದ ಕೈ ತೆಗೆದುಕೊಂಡು ಇಳಿದಳು. "ಟೀ ಕುಡಿತೀಯೇನಣ್ಣ?"

ಹೆಂಗಸರಿಗೆ ತಿಳಿಯುವುದಿಲ್ಲ ಎಂಬ ಆ ಮಾತನ್ನು ನಾನು ಅವಳಿಗೆ ಯಾವಾಗ ಹೇಳಿದೆ ಎಂದು ನೆನಪು ಮಾಡಿಕೊಳ್ಳಲು ಅಲ್ಲೇ ಕೂತು ಪ್ರಯತ್ನಿಸಿದೆ. ನೆನಪಾಗಲಿಲ್ಲ. ಶೆಡ್ಡಿಗೆ ಬಂದ ಯಾವ ಹೆಂಗಸಿಗೆ ಅದನ್ನು ಹೇಳಿಲ್ಲ ಎಂದು ಯೋಚಿಸಿದೆ. ಅದೂ ನೆನಪಾಗಲಿಲ್ಲ.